ಕೇಳು ಎಂಬ ಮಾತು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಪುಸ್ತಕದ ಕಪಾಟಿಗೆ ಗೆದ್ದಲು ಹಿಡಿಯಿತು. ಕಾಟಿಪಳ್ಳದ ಮಳೆಯನ್ನು ಬಲ್ಲವರಿಗೆ ಇದೇನೂ ಆಶ್ಚರ್ಯದ ಸಂಗತಿಯಲ್ಲ. ಜೂನಿನಲ್ಲಿ ಗೋಡೆಗೆ ಇಳಿದ ತೇವ ಆರಬೇಕಾದರೆ ಚೌತಿ ಕಳೆಯಬೇಕು. ಬಿಸಿಲು ಮುಖ ತೋರಿಸಿದ ಒಂದು ಭಾನುವಾರ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದು, ಜಗಲಿಯಲ್ಲಿ ಹಳೇ ಸೀರೆ ಹಾಸಿ ಹರಡಿದೆ. ಒಂದೊಂದನ್ನೇ ಒರೆಸುತ್ತ ಕೂತವಳಿಗೆ ಮಧ್ಯಾಹ್ನದ ಅಡುಗೆಯೇ ಮರೆತುಹೋಯಿತು. ಇವರು ಹೊರಗೆ ಬಂದು, "ಇವತ್ತು ಊಟಕ್ಕೂ ಪುಸ್ತಕವೇ ಏನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಗಂಜಿಗೆ ನೀರಿಟ್ಟರು.

ಆ ರಾಶಿಯಲ್ಲಿ ಅನುಪಮಾ ನಿರಂಜನರ ಪುಸ್ತಕಗಳು ಒಂದೇ ಕಡೆ ಸಿಕ್ಕಿದವು. 'ವಧುವಿಗೆ ಕಿವಿಮಾತು' ನನ್ನ ಮದುವೆಗೆ ಅತ್ತಿಗೆ ಕೊಟ್ಟ ಉಡುಗೊರೆ. ಹೊಟ್ಟೆಯಲ್ಲಿ ಮಗಳಿದ್ದಾಗ ಓದಿದ್ದು 'ತಾಯಿ-ಮಗು'. 'ದಿನಕ್ಕೊಂದು ಕಥೆ'ಯ ಸಂಪುಟಗಳ ಬೆನ್ನು ಬಿಟ್ಟಿತ್ತು. ಕೊನೆಯದು 'ಕೇಳು ಕಿಶೋರಿ'. ನನ್ನ ವಯಸ್ಸಿನ ಓದುಗರಿಗೆ ಇವುಗಳ ಪರಿಚಯ ಬೇಕಿಲ್ಲ. ಕಿರಿಯರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಅನುಪಮಾ ಅವರು 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಹುಟ್ಟಿದಾಗ ಇಟ್ಟ ಹೆಸರು ವೆಂಕಟಲಕ್ಷ್ಮಿ. ಓದಿ ವೈದ್ಯೆಯಾದರು, ಜೊತೆಗೆ ಕಾದಂಬರಿಕಾರ್ತಿಯೂ ಆದರು. ಅವರ ಪತಿ ನಿರಂಜನರು ನಮ್ಮ ಜಿಲ್ಲೆಯ ಕುಳಕುಂದದವರು. ಆ ಲೆಕ್ಕದಲ್ಲಿ ಅನುಪಮಾ ನಮಗೆ ಊರಿನ ಸೊಸೆ. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಅರವತ್ತೂ ಆಗಿರಲಿಲ್ಲ. ಪೇಟೆಯ ಡಾಕ್ಟರ ಎದುರು ಬಾಯಿ ಬಿಡಲು ನಾಚುತ್ತಿದ್ದ ಹೆಂಗಸರು ಇವರ ಪುಸ್ತಕಗಳನ್ನು ಸೆರಗಿನಡಿ ಇಟ್ಟುಕೊಂಡು ಓದುತ್ತಿದ್ದರು.

ಆ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಬ್ಬ ಹೆಣ್ಣಿನ ಆಯುಷ್ಯದ ಅರ್ಧ ಭಾಗವೇ ಅಲ್ಲಿದೆ. ಮದುಮಗಳಾಗಿ ಬಂದವಳು ತಾಯಿಯಾಗುತ್ತಾಳೆ, ಮಗುವಿಗೆ ಕಥೆ ಹೇಳುತ್ತಾಳೆ, ಆ ಮಗು ಕಿಶೋರಿಯಾಗುತ್ತದೆ. ಆದರೆ ಅಂದು ಜಗಲಿಯಲ್ಲಿ ಕೂತು ನೋಡುವಾಗ ಒಂದು ಪುಸ್ತಕ ಕಡಮೆ ಇದೆಯಲ್ಲ ಅನಿಸಿತು. ಕಿಶೋರಿಗೆ ಪುಸ್ತಕವಿದೆ. ಕಿಶೋರಿಯ ತಾಯಿಗೆ ನನ್ನ ಕಪಾಟಿನಲ್ಲಿ ಪುಸ್ತಕವಿಲ್ಲ.

'ದಿನಕ್ಕೊಂದು ಕಥೆ'ಯ ವಿಷಯ ಮೊದಲು. ವರ್ಷದ ಪ್ರತಿ ದಿನಕ್ಕೂ ಒಂದೊಂದು ಕಥೆ. ಹೇಳುವ ಧಾಟಿ ಎಷ್ಟು ಸರಳವೆಂದರೆ ಓದಿ ಹೇಳುವ ತಾಯಿಯ ದನಿಯೇ ಪುಸ್ತಕದ ದನಿಯಾಗಿಬಿಡುತ್ತದೆ. ಶಾಲೆಯಲ್ಲಿ ಇಡೀ ದಿನ ಕೂಗಿ ಬಂದ ಗಂಟಲಿನಲ್ಲಿ ರಾತ್ರಿ ಅದನ್ನು ಓದುತ್ತಿದ್ದೆ. ಮಗಳು, "ನಾಳೆಯದ್ದೂ ಇವತ್ತೇ ಹೇಳಮ್ಮ" ಎಂದು ಹಟ ಮಾಡುತ್ತಿದ್ದಳು. "ನಾಳೆಯದ್ದು ನಾಳೆ" ಎಂದು ನಾನು ಪುಸ್ತಕ ಮುಚ್ಚುತ್ತಿದ್ದೆ. ಎಂಟನೇ ವಯಸ್ಸಿಗೋ ಏನೋ, ಒಂದು ರಾತ್ರಿ ನಾನು ಕಥೆ ಶುರುಮಾಡಿದಾಗ, "ಇದು ನನಗೆ ಗೊತ್ತು, ನಾನೇ ಓದಿದೆ" ಎಂದಳು. ಮುಂದಿನ ತಿಂಗಳ ಕಥೆಗಳನ್ನೂ ಮುಗಿಸಿಬಿಟ್ಟಿದ್ದಳು. ನನಗೆ ಹೆಮ್ಮೆಯಾಯಿತು. ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ರಾತ್ರಿ ಒಂಬತ್ತಕ್ಕೆ ಮಾತ್ರ ಏನು ಮಾಡುವುದೆಂದು ತಿಳಿಯದೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಮಗು ತಾನೇ ಓದಲಿ ಎಂದು ಬರೆದ ಪುಸ್ತಕ ಅದು. ತನ್ನ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತ್ತು. ಅದರಲ್ಲಿ ತಪ್ಪು ಹುಡುಕುವಂತಿಲ್ಲ.

'ಕೇಳು ಕಿಶೋರಿ'ಯನ್ನು ಮಗಳಿಗೆ ಕೊಟ್ಟದ್ದು 2010ರಲ್ಲಿ, ಅವಳಿಗೆ ಹನ್ನೆರಡು ನಡೆಯುವಾಗ. ಕೊಟ್ಟದ್ದು ಎನ್ನುವುದೂ ಪೂರ್ತಿ ನಿಜವಲ್ಲ. ಅವಳ ಓದುವ ಮೇಜಿನ ಮೇಲೆ ಭೂಗೋಳದ ಪುಸ್ತಕದ ಕೆಳಗೆ ಇಟ್ಟು ಬಂದೆ. ತರಗತಿಯಲ್ಲಿ ನಲವತ್ತು ಮಕ್ಕಳೆದುರು ಸಂತಾನೋತ್ಪತ್ತಿಯ ಪಾಠವನ್ನು ನಾಲಿಗೆ ತಡವರಿಸದೆ ಮಾಡಬಲ್ಲ ನಾನು, ನನ್ನದೇ ಮನೆಯಲ್ಲಿ ಕಳ್ಳಿಯಂತೆ ಪುಸ್ತಕ ಇಟ್ಟು ಅಡುಗೆಮನೆಗೆ ಓಡಿದೆ. ನೀವೂ ಹೀಗೆ ಮಾಡಿರಬಹುದು. ನಮ್ಮ ತಾಯಂದಿರು ಅದನ್ನೂ ಮಾಡಿರಲಿಲ್ಲ. ನನ್ನ ಅಮ್ಮ ನನಗೆ ಕೊಟ್ಟ ತಿಳಿವಳಿಕೆ ಎಂದರೆ ಹಳೇ ಬಟ್ಟೆಯ ಒಂದು ಗಂಟು ಮತ್ತು "ಯಾರಲ್ಲೂ ಹೇಳಬೇಡ" ಎನ್ನುವ ಒಂದು ಮಾತು.

ಈ ಪುಸ್ತಕದ ದೊಡ್ಡ ಗುಣ, ಅದು ಹುಡುಗಿಯೊಡನೆ ನೇರವಾಗಿ ಮಾತಾಡುತ್ತದೆ. ತಾಯಿಯ ಮೂಲಕವಲ್ಲ, ಅಜ್ಜಿಯ ಮೂಲಕವಂತೂ ಅಲ್ಲ. ಮೈಯಲ್ಲಿ ಆಗುವ ಬದಲಾವಣೆಗೆ ಪಾಪದ ಬಣ್ಣ ಬಳಿಯುವುದಿಲ್ಲ. ಮುಟ್ಟು ಎಂದರೆ ಮೈಲಿಗೆ ಎಂದು ಮನೆಮನೆಯಲ್ಲೂ ನಂಬಿದ್ದ ಕಾಲದಲ್ಲಿ, ಒಬ್ಬ ವೈದ್ಯೆ ಅದನ್ನು ದೇಹದ ಕೆಲಸವೆಂದು ಕನ್ನಡದಲ್ಲಿ, ಹೆಣ್ಣುಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಬರೆದದ್ದು ಸಣ್ಣ ಉಪಕಾರವಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಓದಿದವರಿಗೆ ಈ ಉಪಕಾರದ ತೂಕ ಗೊತ್ತಾಗುತ್ತದೆ. ಮಗುವಾಗಿದ್ದಾಗಲೇ ವಿಧವೆಯಾದ ಫಣಿ ದೊಡ್ಡವಳಾದಾಗ ಅವಳಿಗೆ ಕಾದಿದ್ದದ್ದು ಕ್ಷೌರದ ಕತ್ತಿ. ಅಂಥ ಮನೆಗಳಿಂದ ಬಂದ ನಮಗೆ 'ಕೇಳು ಕಿಶೋರಿ' ಒಂದು ಕಿಟಕಿಯಾಗಿಯೇ ಬಂದಿತು.

ಆದರೂ ನನಗೆ ಒಂದು ತಕರಾರು ಇದೆ. ಅದು ಹೆಸರಿನಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ 'ಕೇಳು' ಎನ್ನುವ ಮಾತಿಗೆ ಒಂದೇ ಅರ್ಥವಲ್ಲ. ಕಿವಿಗೊಡುವುದು ಕೇಳುವುದು. ಪ್ರಶ್ನೆ ಹಾಕುವುದೂ ಕೇಳುವುದೇ. 'ಹೇಳಿದ ಮಾತು ಕೇಳು' ಎಂದರೆ ವಿಧೇಯಳಾಗಿರು ಎಂದರ್ಥ. ನಮ್ಮ ತುಳುವಿನಲ್ಲೂ 'ಕೇಣ್' ಎಂದರೆ ಹೀಗೇ. ಮೂವತ್ತು ವರ್ಷಗಳಿಂದ ಮಕ್ಕಳ ಪ್ರಗತಿಪತ್ರದಲ್ಲಿ ನಾನು 'ಹೇಳಿದ ಮಾತು ಕೇಳುತ್ತಾಳೆ' ಎಂದು ಮೆಚ್ಚಿ ಬರೆದಿದ್ದೇನೆ. 'ತುಂಬಾ ಕೇಳುತ್ತಾಳೆ' ಎಂದು ಬರೆದಾಗ ಅದು ದೂರಾಗಿರುತ್ತಿತ್ತು. ಪುಸ್ತಕದ ಹೆಸರಿನಲ್ಲಿರುವುದು ಮೊದಲನೆಯ ಅರ್ಥ: ನಾನು ಹೇಳುತ್ತೇನೆ, ನೀನು ಕಿವಿಗೊಡು. ತಿಳಿದ ಹಿರಿಯಳು ಎದುರಿಗೆ ಕೂರಿಸಿಕೊಂಡು ಹೇಳುವ ರೀತಿ ಅದು. ಅಕ್ಕರೆಯಿದೆ, ಸಂಕೋಚವಿಲ್ಲ. ಆದರೆ ಎದುರಿಗೆ ಕೂತವಳು ನಡುವೆ ಬಾಯಿ ಹಾಕಿದರೆ ಏನಾಗುತ್ತದೆ? ಅಚ್ಚಾದ ಪುಸ್ತಕ ತಿರುಗಿ ಉತ್ತರ ಕೊಡಲಾರದು. ಅದು ಲೇಖಕಿಯ ತಪ್ಪಲ್ಲ. ಉತ್ತರ ಕೊಡಬೇಕಾದವರು ಮನೆಯಲ್ಲಿ ಇದ್ದಾರೆಂದು ಅವರು ನಂಬಿದ್ದರು. ಮನೆಯಲ್ಲಿದ್ದವಳು ಅಡುಗೆಮನೆಗೆ ಓಡಿದ್ದಳು.

ಜಗಲಿಯಲ್ಲಿ ಆ ಪುಸ್ತಕದ ಹಾಳೆಗಳನ್ನು ಬಿಸಿಲಿಗೆ ತಿರುವುವಾಗ ಅಂಚಿನಲ್ಲಿ ಪೆನ್ಸಿಲ್ ಗುರುತು ಕಂಡಿತು. ಸಣ್ಣದಾದ ಒಂದು ಪ್ರಶ್ನಾರ್ಥಕ ಚಿಹ್ನೆ. ಕೊಂಡಿಯನ್ನು ಅತಿಯಾಗಿ ಬಗ್ಗಿಸಿ ಬರೆಯುವುದು ನನ್ನ ಮಗಳ ರೀತಿ, ಎಷ್ಟು ತಿದ್ದಿದರೂ ಬಿಟ್ಟಿರಲಿಲ್ಲ. ಮುಂದೆ ಇನ್ನೊಂದು, ಆಮೇಲೆ ಮತ್ತೊಂದು. ಒಟ್ಟು ಆರು. ಎರಡು ಮುಟ್ಟಿನ ವಿಷಯ ಬರುವಲ್ಲಿ. ಉಳಿದವು ಯಾಕೆಂದು ಆ ಪುಟಗಳನ್ನು ಮತ್ತೆ ಮತ್ತೆ ಓದಿದರೂ ನನಗೆ ತಿಳಿಯಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅಲ್ಲಿ ಏನು ಎಡವಿತೋ. ಅವಳು ಆ ಆರರಲ್ಲಿ ಒಂದನ್ನೂ ನನ್ನಲ್ಲಿ ಕೇಳಲಿಲ್ಲ. ಅವಳು ಓದಿದ್ದಾಳೆ, ಅರ್ಥವಾಗಿದೆ, ನನ್ನ ಕೆಲಸ ಮುಗಿಯಿತು ಎಂದು ನಾನು ನಿಶ್ಚಿಂತಳಾಗಿದ್ದೆ.

ಯಾಕೆ ಕೇಳಲಿಲ್ಲ ಎನ್ನುವುದಕ್ಕೆ ನನಗೆ ಒಂದು ಕಾರಣ ಗೊತ್ತಿದೆ. ಅದನ್ನು ಇಲ್ಲಿ ಬರೆಯದೆ ಬೇರೆಯವರ ಕಾದಂಬರಿಗಳ ತಂದೆತಾಯಂದಿರನ್ನು ವಿಚಾರಿಸುವುದು ಸರಿಯಾಗಲಾರದು.

ನಮ್ಮ ಕಾಟಿಪಳ್ಳ, ಪಣಂಬೂರಿನಲ್ಲಿ ಬಂದರು ಬರುವಾಗ ಜಾಗ ಬಿಟ್ಟು ಎದ್ದು ಬಂದವರಿಗೆ ನಿವೇಶನ ಹಂಚಿ ಬೆಳೆದ ಊರು. ಈಗಲೂ ವಿಳಾಸ ಹೇಳುವಾಗ ಎಷ್ಟನೇ ಬ್ಲಾಕು ಎಂದೇ ಹೇಳುತ್ತೇವೆ. ತುಳು, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಸಾಲುಮನೆಗಳಾದ್ದರಿಂದ ಒಬ್ಬರ ಮನೆಯ ಹುಡುಗಿ ಬೆಳೆದದ್ದು ಇಡೀ ಸಾಲಿಗೆ ಕಾಣುತ್ತದೆ. ಮಗಳಿಗೆ ಒಂದು ಸೈಕಲ್ ಇತ್ತು, ಅವಳ ಮಾವ ಕೊಡಿಸಿದ್ದು. ಸಂಜೆ ಶಾಲೆಯಿಂದ ಬಂದವಳು ಚೀಲ ಎಸೆದು, ಕೈಕಂಬದವರೆಗೆ ಹೋಗಿ ಬರುತ್ತಿದ್ದಳು. ಹದಿಮೂರು ತುಂಬಿದ ಮೇಲೆ ಒಂದು ದಿನ ಎದುರು ಮನೆಯವರು ಗೇಟಿನ ಹತ್ತಿರ ನಿಂತು, "ಟೀಚರ್, ಮಗಳು ದೊಡ್ಡವಳಾದಳಲ್ಲ, ಇನ್ನು ಸೈಕಲ್ ಯಾಕೆ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನಾನು ಆ ರಾತ್ರಿ ಮಗಳಿಗೆ, ನಾಳೆಯಿಂದ ಸೈಕಲ್ ಬೇಡ ಎಂದೆ. "ಯಾಕಮ್ಮ?" ಎಂದಳು. "ಹೇಳಿದ ಮಾತು ಕೇಳು" ಎಂದೆ. ಕೇಳಿದಳು. ಸೈಕಲ್ ಹಿಂಬದಿಯ ಚಾಯ್ಪಿನಲ್ಲಿ ತುಕ್ಕು ಹಿಡಿಯಿತು. ಜಗಳವಿಲ್ಲ, ಅಳುವಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ನನಗೆ ಸಮಾಧಾನವೇ ಆಯಿತು. ಆಮೇಲೆ ಅವಳು ನನ್ನಲ್ಲಿ ಫೀಸು, ಪುಸ್ತಕ, ಊಟ ಬಿಟ್ಟರೆ ಬೇರೇನನ್ನೂ ಕೇಳಲಿಲ್ಲ ಎಂಬುದು ನನ್ನ ಗಮನಕ್ಕೆ ಬರಲು ವರ್ಷಗಳೇ ಹಿಡಿದವು.

ಇಲ್ಲದ ಆ ಪುಸ್ತಕವನ್ನು, ಎಂದರೆ ಬೆಳೆಯುವ ಮಗುವನ್ನು ನೋಡುತ್ತ ನಿಂತ ತಂದೆತಾಯಿಯ ಪುಸ್ತಕವನ್ನು, ನಾನು ಕಾದಂಬರಿಗಳಲ್ಲಿ ಹುಡುಕಿದ್ದೇನೆ. ಅದೂ ನಮ್ಮ ಕರಾವಳಿಯ ಕಾದಂಬರಿಗಳಲ್ಲಿ. ಊರು ಗೊತ್ತಿದ್ದರೆ ಜನ ಬೇಗ ಗೊತ್ತಾಗುತ್ತಾರೆ.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' 1940ರ ದಶಕದ ಆರಂಭದ ಕೃತಿ. ಮೂರು ತಲೆಮಾರಿನ ಕಥೆ. ಇದನ್ನು ಸಾಮಾನ್ಯವಾಗಿ ಕಡಲು, ಮಣ್ಣು, ದುಡಿಮೆಯ ಕಾದಂಬರಿ ಎನ್ನುತ್ತಾರೆ. ಬಿ.ಎ. ಓದುವಾಗ ನಾನೂ ಹಾಗೆಂದೇ ಬರೆದು ಅಂಕ ಪಡೆದೆ. ಐವತ್ತು ದಾಟಿದ ಮೇಲೆ ಓದಿದರೆ ಅದು ಮಕ್ಕಳನ್ನು ಬೆಳೆಸುವುದರ ಕಾದಂಬರಿಯಾಗಿ ಕಾಣಿಸಿತು. ರಾಮ ಐತಾಳರಿಗೆ ಬಹಳ ಕಾಲ ಮಕ್ಕಳಿಲ್ಲ. ಎರಡನೇ ಮದುವೆಯಾಗಿ ಹುಟ್ಟಿದ ಮಗ ಲಚ್ಚ. ನೆರೆಯ ಶೀನಮಯ್ಯನ ಮನೆಯವರು ಬೆಂಗಳೂರಿನ ಹೋಟೆಲಿನಿಂದ ದುಡ್ಡು ಕಂಡರು. ಅವರಿಗೆ ಸರಿಸಮನಾಗಬೇಕು, ಮಗ ಇಂಗ್ಲಿಷು ಓದಬೇಕು. ಲಚ್ಚನನ್ನು ಊರು ಬಿಡಿಸಿ ಓದಿಗೆ ಕಳಿಸುತ್ತಾರೆ. ಮಗ ಅಲ್ಲಿ ಏನಾಗುತ್ತಿದ್ದಾನೆಂದು ಮನೆಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇಸ್ಪೀಟು, ಸಾಲ, ಹೆಣ್ಣಿನ ಚಟ, ಅದರಿಂದ ಬಂದ ರೋಗ. ಆ ರೋಗವನ್ನು ಹೊತ್ತವಳು ಮಾತ್ರ ಸೊಸೆ ನಾಗವೇಣಿ.

ವಿಮರ್ಶಕರು ಲಚ್ಚನ ಪತನಕ್ಕೆ ಪೇಟೆಯನ್ನೂ ಇಂಗ್ಲಿಷ್ ಓದನ್ನೂ ಕಾರಣ ಮಾಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಅದೇ ಪೇಟೆಗೆ, ಅದಕ್ಕಿಂತ ದೂರದ ಮದರಾಸಿಗೂ ಮೂರನೆಯ ತಲೆಮಾರಿನ ರಾಮ ಹೋಗುತ್ತಾನಲ್ಲ! ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲನ್ನೂ ಕಾಣುತ್ತಾನೆ. ಕೆಲಸಕ್ಕಾಗಿ ಅಲೆಯುತ್ತಾನೆ, ಸೋಲುತ್ತಾನೆ, ಆದರೆ ಕೆಡುವುದಿಲ್ಲ. ವ್ಯತ್ಯಾಸ ಮನೆಯಲ್ಲಿದೆ. ಐತಾಳರ ಕಣ್ಣಿಗೆ ಲಚ್ಚ ಎಂದರೆ ಶೀನಮಯ್ಯನಿಗೆ ಕೊಡಬೇಕಾದ ಉತ್ತರ. ಹಂಚಿನ ಮಾಡು ಹೇಗೋ ಮಗನೂ ಹಾಗೆ. ಹುಡುಗನಿಗೆ ಏನು ಬೇಕು ಎನ್ನುವ ಪ್ರಶ್ನೆ ಆ ಮನೆಯಲ್ಲಿ ಏಳುವುದೇ ಇಲ್ಲ. ನಾಗವೇಣಿಗೆ ಮಗನಿಂದ ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ, ತೋರಿಸಲು ಏನೂ ಉಳಿದೂ ಇಲ್ಲ. ಗಂಡನಂಥವನನ್ನು ಕಂಡವಳಿಗೆ, ಮಗ ಹರೆಯಕ್ಕೆ ಬರುವಾಗ ಎದೆ ನಡುಗದೆ ಇದ್ದೀತೇ? ಆದರೂ ಅವಳು ಮಗನನ್ನು ಕಟ್ಟಿಹಾಕುವುದಿಲ್ಲ. ಅವನು ಚಳವಳಿ ಎಂದು ಹೋದಾಗಲೂ ಅಷ್ಟೇ. ಈ ತಾಯಿಯನ್ನು ಬರೆದದ್ದಕ್ಕೆ ನಾನು ಕಾರಂತರಿಗೆ ಕೈಮುಗಿಯುತ್ತೇನೆ.

ಆದರೆ ಅವರ ಮೇಲೂ ನನ್ನದೊಂದು ಆಕ್ಷೇಪವಿದೆ. ಮಗ ಹನ್ನೊಂದರಿಂದ ಹದಿನೈದಕ್ಕೆ ದಾಟುವ ವರ್ಷಗಳನ್ನು, ದನಿ ಒಡೆಯುವ, ಊಟದ ಎಲೆಯ ಮುಂದೆ ಮುಖ ತಿರುಗಿಸುವ ಆ ವರ್ಷಗಳನ್ನು ತಾಯಿಯ ಕಣ್ಣಿನಿಂದ ಇನ್ನಷ್ಟು ನಿಂತು ನೋಡಬಾರದಿತ್ತೇ? ಕಡಲಿನ ಕೊರೆತವನ್ನು, ಗದ್ದೆಯ ಕೆಸರನ್ನು ಅಷ್ಟು ಸಾವಧಾನವಾಗಿ ಬರೆದವರು ಇಲ್ಲಿ ಅವಸರ ಮಾಡಿದರು ಅನಿಸುತ್ತದೆ. ಗಂಡಸರು ಆ ವರ್ಷಗಳಲ್ಲಿ ಮನೆಯೊಳಗೆ ಇರುವುದು ಕಡಮೆ, ಅದಕ್ಕೋ ಏನೋ. ಇದು ಟೀಚರಮ್ಮನ ಅಧಿಕಪ್ರಸಂಗ ಎಂದು ಬೇಕಾದರೆ ಬಿಟ್ಟುಬಿಡಿ.

ಸಾರಾ ಅಬೂಬಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ನನಗೆ ಓದಲು ಕೊಟ್ಟವರು ನನ್ನ ಜೊತೆ ಕೆಲಸ ಮಾಡುತ್ತಿದ್ದ ಬ್ಯಾರಿ ಟೀಚರು. "ಇದು ನಮ್ಮ ಮನೆಯ ಕಥೆ ಎಂದು ಓದಬೇಡಿ, ನಿಮ್ಮ ಮನೆಯಲ್ಲೂ ಹುಡುಕಿ" ಎಂದಿದ್ದರು. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು 1980ರ ದಶಕದಲ್ಲಿ ಹೆಸರಾದ ಕೃತಿ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ, ಹೈಸ್ಕೂಲು ಮೆಟ್ಟಿಲು ಹತ್ತಿದ ತಮ್ಮ ಸಮುದಾಯದ ಮೊದಮೊದಲ ಹುಡುಗಿಯರಲ್ಲಿ ಒಬ್ಬರು. ಬಹುಕಾಲ ಮಂಗಳೂರಿನಲ್ಲೇ ಇದ್ದು, 2023ರ ಜನವರಿಯಲ್ಲಿ ತೀರಿಕೊಂಡರು.

ಅದರಲ್ಲಿ ಮಹಮ್ಮದ್ ಖಾನ್ ಎಂಬ ತಂದೆ, ಫಾತಿಮಾ ಎಂಬ ತಾಯಿ, ನಾದಿರಾ ಎಂಬ ಮಗಳು. ಫಾತಿಮಾ ತಾನೇ ಎಳೆಯ ವಯಸ್ಸಿನಲ್ಲಿ, ತನಗಿಂತ ಬಹಳ ದೊಡ್ಡವನಿಗೆ ಹೆಂಡತಿಯಾಗಿ ಬಂದವಳು. ಅವಳಿಗೆ ಹರೆಯ ಎನ್ನುವುದೇ ಇರಲಿಲ್ಲ. ಮಗಳ ಹರೆಯವನ್ನು ಅವಳು ಏನೆಂದು ಗುರುತಿಸಬೇಕು? ನಾದಿರಾ ಗಂಡ ರಶೀದನೊಡನೆ ಸುಖವಾಗಿದ್ದಾಳೆ. ತಂದೆಗೆ ಅಳಿಯನ ಮೇಲೆ ಹಣದ ವಿಷಯಕ್ಕೆ ಸಿಟ್ಟು. ಮಗಳಿಗೆ ಮನಸ್ಸಿಲ್ಲದಿದ್ದರೂ ತಲಾಖ್ ಮಾಡಿಸುತ್ತಾನೆ. ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಕಟ್ಟಳೆಗೆ ಬಗ್ಗದೆ ನಾದಿರಾ ನೀರಿನ ಪಾಲಾಗುತ್ತಾಳೆ. ಈ ಕಾದಂಬರಿ ಬಂದಾಗ ಚರ್ಚೆಯೆಲ್ಲ ಧರ್ಮದ ಸುತ್ತಲೇ ನಡೆಯಿತು. ನನ್ನನ್ನು ಕಾಡಿದವಳು ಫಾತಿಮಾ. ಅವಳಿಗೆ ಎಲ್ಲವೂ ಕಾಣುತ್ತದೆ. ಮಗಳ ಮನಸ್ಸು ಕಾಣುತ್ತದೆ, ಗಂಡನ ಅನ್ಯಾಯ ಕಾಣುತ್ತದೆ. ಆದರೆ ಜೀವಮಾನವಿಡೀ ಹೇಳಿದ ಮಾತು ಕೇಳಿಕೊಂಡು ಬಂದವಳು, ಗಂಡನನ್ನು ಎದುರು ನಿಂತು ಕೇಳುವ ಹೊತ್ತಿಗೆ ದನಿ ಸಾಲುವುದಿಲ್ಲ. ಸಾರಾ ಅವಳನ್ನು ಬೈಯುವುದಿಲ್ಲ, ಅವಳ ಮೇಲೆ ಕನಿಕರ ಸುರಿಸುವುದೂ ಇಲ್ಲ. ಆ ಸಂಯಮವೇ ಕಾದಂಬರಿಯ ಶಕ್ತಿ.

ಎದುರು ಮನೆಯವರ ಒಂದು ಮಾತಿಗೆ ಮಗಳ ಸೈಕಲ್ ನಿಲ್ಲಿಸಿದ ನಾನು ಬಿ.ಎ., ಬಿ.ಎಡ್. ಕೈಯಲ್ಲಿ ಸಂಬಳವಿತ್ತು. ಇವರು ನನಗೆ ಯಾವತ್ತೂ ಅಡ್ಡ ಬಂದವರಲ್ಲ. ಫಾತಿಮಾಳಿಗೆ ಇದ್ದ ಯಾವ ಕಾರಣವೂ ನನಗಿರಲಿಲ್ಲ. ಬ್ಯಾರಿ ಟೀಚರು ಹೇಳಿದ್ದ ಮಾತಿನಂತೆ ಮನೆಯಲ್ಲಿ ಹುಡುಕಿದ್ದು ಸಿಕ್ಕಿತು, ಆದರೆ ತಡವಾಗಿ.

ಒಂದು ಮಾತು ನಡುವೆ ಸೇರಿಸುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರು 1996ರಲ್ಲಿ 'ಅಣ್ಣನ ನೆನಪು' ಎಂದು ತಂದೆ ಕುವೆಂಪು ಅವರ ಬಗ್ಗೆ ಬರೆದರು. ಮಗ ತಂದೆಯನ್ನು ಬೆರಗಿನಿಂದ, ಸಲಿಗೆಯಿಂದ ನೋಡಿದ ಪುಸ್ತಕ. ಎಷ್ಟು ಚೆನ್ನಾಗಿದೆ! ಇದೇ ಸಲಿಗೆಯಲ್ಲಿ ತಾಯಿಯೊಬ್ಬಳು ಬೆಳೆಯುವ ಮಗಳನ್ನು ನೋಡಿ ಬರೆದದ್ದು ನನಗೆ ಬೇಕಾಗಿತ್ತು. ಹೆಂಗಸರು ಬರೆಯುವ ಹೊತ್ತಿಗೆ ಮಗಳು ಪಕ್ಕದ ಕೋಣೆಯಲ್ಲಿ ಇರುತ್ತಾಳೆ, ಓದಿಬಿಟ್ಟರೆ ಎನ್ನುವ ಭಯವಿರಬಹುದು. ಇದನ್ನು ಬರೆಯುವಾಗ ನನಗೂ ಇದೆ. ಅವಳೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅಚ್ಚಾದ ಮೇಲೆ ಹೇಗೂ ಓದುತ್ತಾಳೆ.

ಶಾಲೆಯಲ್ಲಿ ಕಾಲ ಬದಲಾಗಿದೆ, ಇಲ್ಲವೆನ್ನಲಾರೆ. 'ಶುಚಿ' ಯೋಜನೆ ಬಂದು ಹೆಣ್ಣುಮಕ್ಕಳಿಗೆ ಶಾಲೆಯಲ್ಲೇ ಪ್ಯಾಡು ಹಂಚಲು ಶುರುವಾದಾಗ, ಪೊಟ್ಟಣವನ್ನು ಲಂಗದ ಮಡಿಕೆಯಲ್ಲಿ ಅಡಗಿಸಿ ಓಡುತ್ತಿದ್ದ ಹುಡುಗಿಯರನ್ನು ನೋಡಿದ್ದೇನೆ. ನಾಲ್ಕಾರು ವರ್ಷಗಳಲ್ಲಿ ಅವರದೇ ತಂಗಿಯರು, "ಟೀಚರ್, ಈ ತಿಂಗಳದ್ದು ಬಂತಾ?" ಎಂದು ಕಾರಿಡಾರಿನಲ್ಲೇ ಕೇಳತೊಡಗಿದರು. ಸ್ಟಾಫ್‌ರೂಮಿನಲ್ಲಿ ಒಬ್ಬರು, "ಈಗಿನ ಹುಡುಗಿಯರಿಗೆ ನಾಚಿಕೆಯೇ ಇಲ್ಲ" ಎಂದರು. ನಾನು ಸುಮ್ಮನಿದ್ದೆ. ಈಗ ಆಗಿದ್ದರೆ ಸುಮ್ಮನಿರುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಆ ಭಾನುವಾರ ಸಂಜೆ ಮಗಳಿಗೆ ಫೋನು ಮಾಡಿ ಪೆನ್ಸಿಲ್ ಗುರುತುಗಳ ವಿಷಯ ಹೇಳಿದೆ. ಅವಳು ನಕ್ಕಳು. "ಅದೆಲ್ಲ ಈಗ ಯಾಕಮ್ಮ?" ಎಂದಳು. ಪುಟ ಹೇಳಿ, ಅಲ್ಲಿ ಏನಿತ್ತೆಂದು ಓದಿದೆ. ನಾಲ್ಕು ಅವಳಿಗೆ ನೆನಪಿಲ್ಲ. ಒಂದಕ್ಕೆ, "ಆ ಪದ ಗೊತ್ತಿರಲಿಲ್ಲ, ಅಷ್ಟೇ" ಎಂದಳು. ಇನ್ನೊಂದನ್ನು ಓದಿದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನು ಊರಿಗೆ ಬಂದಾಗ ಹೇಳುತ್ತೇನೆ" ಎಂದಳು. ನಾನು ಏನೆಂದು ಒತ್ತಾಯಿಸಲಿಲ್ಲ. ಸೈಕಲಿನ ವಿಷಯ ಬಾಯಿಯವರೆಗೆ ಬಂದು ಹಾಗೇ ಒಳಗೆ ಹೋಯಿತು. ದೀಪಾವಳಿಗೆ ಬಂದಾಗ ಎತ್ತಬೇಕು.

ಕಳೆದ ತಿಂಗಳು ನಮ್ಮ ಶಾಲೆಯ ಕಿರಿಯ ಟೀಚರೊಬ್ಬರು, ಏಳನೇ ಕ್ಲಾಸಿನ ಮಗಳಿಗೆಂದು 'ಕೇಳು ಕಿಶೋರಿ' ಇದ್ದರೆ ಕೊಡಿ ಎಂದರು. ಗೆದ್ದಲು ತಿಂದ ಅಂಚನ್ನು ಕತ್ತರಿಸಿ, ಬೈಂಡು ಹಾಕಿಸಿ ಕೊಟ್ಟೆ. ಮಾರನೇ ದಿನ ಸ್ಟಾಫ್‌ರೂಮಿಗೆ ರಬ್ಬರು ಹಿಡಿದುಕೊಂಡೇ ಬಂದರು. "ಯಾರೋ ಪೆನ್ಸಿಲಿನಲ್ಲಿ ಗೀಚಿದ್ದಾರೆ ಟೀಚರ್, ಅಳಿಸಿಬಿಡಲಾ?"

ಬೇಡ, ಹಾಗೇ ಕೊಡಿ, ನೀವು ಎದುರಿಗೆ ಕೂತೇ ಕೊಡಿ ಎಂದೆ. ಪುಸ್ತಕ ಇನ್ನೂ ವಾಪಸು ಬಂದಿಲ್ಲ.